ಕಾರಿನ ಬಣ್ಣಕ್ಕೆ ಕ್ಲೇ: ಕೈಯಿಂದಲೋ, ಯಂತ್ರದಿಂದಲೋ?

ಕಾರನ್ನು ಶಾಂಪೂ ಹಾಕಿ ಶ್ರದ್ಧೆಯಿಂದ ತೊಳೆದು, ನೀರು ಒರೆಸಿ ಆದ ಮೇಲೂ ಬಾನೆಟ್ಟಿನ ಮೇಲೆ ಅಂಗೈ ಸವರಿದಾಗ ಕೆಲವು ಕಡೆ ತರಿತರಿಯಾಗಿ ತಗಲುವುದುಂಟು. ಕಣ್ಣಿಗೆ ಹೊಳಪು ಕಂಡರೂ ಕೈಗೆ ನುಣುಪು ಸಿಗುವುದಿಲ್ಲ. ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ಕೈ ತೂರಿಸಿ ಅದೇ ಜಾಗವನ್ನು ಬೆರಳ ತುದಿಯಿಂದ ಹಗುರವಾಗಿ ಸವರಿದರೆ ಈ ತರಿ ಇನ್ನೂ ಸ್ಪಷ್ಟವಾಗುತ್ತದೆ. ಚರ್ಮ ನೇರವಾಗಿ ಬಣ್ಣಕ್ಕೆ ಅಂಟಿ ಎಳೆಯದಿರುವುದರಿಂದ ಉಬ್ಬುಗಳ ಸ್ಪರ್ಶವಷ್ಟೇ ಬೆರಳಿಗೆ ಮುಟ್ಟುತ್ತದೆ. ನೀರಿಗೂ ಶಾಂಪೂವಿಗೂ ಬಗ್ಗದೆ ಬಣ್ಣವನ್ನು ಕಚ್ಚಿಕೊಂಡಿರುವ ಈ ಕೊಳೆಯನ್ನು ತೆಗೆಯುವ ಕೆಲಸಕ್ಕೆ ಕ್ಲೇ ಮಾಡುವುದು ಎನ್ನುತ್ತಾರೆ. ಇದನ್ನು ಕೈಯಿಂದಲೂ ಮಾಡಬಹುದು, ಪಾಲಿಷ್ ಮಾಡುವ ಯಂತ್ರಕ್ಕೆ ಕ್ಲೇ ಡಿಸ್ಕ್ ಅಂಟಿಸಿಯೂ ಮಾಡಬಹುದು. ಎರಡರಲ್ಲಿ ಯಾವುದು ಮೇಲು ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಸಮಯಕ್ಕೆ ಸಂಬಂಧಿಸಿದ್ದು: ಯಂತ್ರದಿಂದ ಬೇಗ, ಕೈಯಿಂದ ನಿಧಾನ. ಆದರೆ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಸಮಯವಲ್ಲ, ಕ್ಲೇ ಮುಗಿದ ಮೇಲೆ ಆ ಬಣ್ಣಕ್ಕೆ ಮುಂದೇನು ಮಾಡಲಿದ್ದೇವೆ ಎಂಬುದು ಎಂದು ನಾನು ನಂಬಿದ್ದೇನೆ. ಹಾಗೇಕೆ ಎಂಬುದು ಅರ್ಥವಾಗಲು ಕ್ಲೇ ಬಣ್ಣದ ಮೇಲೆ ನಿಜವಾಗಿ ಮಾಡುವುದೇನು ಎಂಬಲ್ಲಿಂದ ಆರಂಭಿಸಬೇಕು.

ಇಂದಿನ ಬಹುತೇಕ ಕಾರುಗಳ ಬಣ್ಣ ಒಂದೇ ಪದರವಲ್ಲ. ಲೋಹದ ಮೇಲೆ ತುಕ್ಕು ತಡೆಯುವ ಪದರ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ ಕೊಡುವ ಬೇಸ್ ಕೋಟ್, ಎಲ್ಲಕ್ಕಿಂತ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್ ಇರುತ್ತದೆ. ಇವೆಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಅದರಲ್ಲಿ ಕ್ಲಿಯರ್ ಕೋಟಿನ ಪಾಲು ಸುಮಾರು 35ರಿಂದ 50 ಮೈಕ್ರಾನ್, ಅಂದರೆ ಒಂದು ತಲೆಕೂದಲಿನ ದಪ್ಪಕ್ಕಿಂತಲೂ ಕಡಿಮೆ. ನಾವು ತೊಳೆಯುವುದು, ಉಜ್ಜುವುದು, ಪಾಲಿಷ್ ಮಾಡುವುದು ಎಲ್ಲವೂ ಈ ಒಂದು ಪದರದ ಮೇಲೆಯೇ. ಅದಕ್ಕೆ ಕಚ್ಚಿಕೊಳ್ಳುವ ಕೊಳೆಯಲ್ಲಿ ಬಗೆಬಗೆಯದಿದೆ. ಬ್ರೇಕ್ ಹಾಕಿದಾಗ ಡಿಸ್ಕಿನಿಂದಲೂ ಪ್ಯಾಡಿನಿಂದಲೂ ಹಾರುವ ಬಿಸಿ ಕಬ್ಬಿಣದ ಕಣಗಳು, ರೈಲ್ವೆ ಹಳಿಗಳ ಬಳಿ ಏಳುವ ಲೋಹದ ಧೂಳು, ಕಾರ್ಖಾನೆಯ ಹೊಗೆಯೊಂದಿಗೆ ಬಂದು ಕೂರುವ ಕಣಗಳು, ರಸ್ತೆಯ ಡಾಂಬರಿನ ಚುಕ್ಕೆಗಳು, ಮರದ ಅಂಟು, ಪಕ್ಕದಲ್ಲಿ ಯಾರೋ ಸ್ಪ್ರೇ ಪೇಂಟ್ ಮಾಡಿದಾಗ ಗಾಳಿಯಲ್ಲಿ ತೇಲಿ ಬಂದು ಕೂತ ಬಣ್ಣದ ತುಂತುರು ಎಲ್ಲವೂ ಇದರಲ್ಲಿ ಸೇರುತ್ತವೆ. ಇವುಗಳಲ್ಲಿ ಕಬ್ಬಿಣದ ಕಣ ವಿಶೇಷವಾದದ್ದು. ಅದು ಬಣ್ಣದ ಮೇಲೆ ಸುಮ್ಮನೆ ಕೂರುವುದಿಲ್ಲ, ಸ್ವಲ್ಪ ಒಳಕ್ಕೆ ಇಳಿದು ಅಲ್ಲೇ ತುಕ್ಕು ಹಿಡಿಯುತ್ತದೆ. ಬಿಳಿ ಕಾರುಗಳ ಹಿಂಭಾಗದಲ್ಲಿ ಕಾಣುವ ಸಣ್ಣ ಕಿತ್ತಳೆ ಚುಕ್ಕೆಗಳಲ್ಲಿ ಹೆಚ್ಚಿನವು ಈ ತುಕ್ಕೇ. ಕಾರಿನದೇ ಲೋಹಕ್ಕೆ ತುಕ್ಕು ಹಿಡಿಯಿತೆಂದು ಗಾಬರಿಯಾಗುವವರು ಅನೇಕರು.

ಕ್ಲೇ ಎಂದು ಕರೆದರೂ ಅದು ಮಣ್ಣಲ್ಲ. ಮೆದುವಾದ ಸಂಶ್ಲೇಷಿತ ರಾಳದೊಳಗೆ ಅತಿ ಸೂಕ್ಷ್ಮವಾದ ತೇಯುವ ಪುಡಿಯನ್ನು ಬೆರೆಸಿ ಮಾಡಿದ ಮುದ್ದೆ ಅದು. ಜಪಾನಿನ ತಡಾವೊ ಕೊಡಾಟೆ ಅವರಿಗೆ ಇದಕ್ಕಾಗಿ 1995ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು, ಮತ್ತು ಆ ಪೇಟೆಂಟ್ ಈ ವಸ್ತುವನ್ನು ಗುರುತಿಸುವುದು ಬಳುಕುವ ಸಾಣೆಕಲ್ಲು ಎಂದೇ. ಈ ಸಂಗತಿಯನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಕ್ಲೇ ಕೊಳೆಯನ್ನು ಅಂಟಿಸಿಕೊಂಡು ಕಿತ್ತು ತೆಗೆಯುತ್ತದೆ, ಬಣ್ಣಕ್ಕೆ ಅದರಿಂದ ಏನೂ ಆಗುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ನಡೆಯುವುದು ಬೇರೆ. ಲೂಬ್ರಿಕೆಂಟ್, ಅಂದರೆ ಜಾರಲು ನೆರವಾಗುವ ದ್ರವ, ಸಿಂಪಡಿಸಿದ ಬಣ್ಣದ ಮೇಲೆ ಮುದ್ದೆ ಜಾರುತ್ತಾ ಹೋಗುತ್ತದೆ. ಸಮತಟ್ಟಾದ ಕಡೆ ದ್ರವದ ತೆಳುಪದರ ಅದನ್ನು ಬಣ್ಣದಿಂದ ಮೇಲೆತ್ತಿ ಹಿಡಿದಿರುತ್ತದೆ. ಆ ಪದರಕ್ಕಿಂತ ಎತ್ತರಕ್ಕೆ ಚಾಚಿಕೊಂಡ ಕಣ ಎದುರಾದಾಗ ಮುದ್ದೆ ಅದಕ್ಕೆ ತಾಗಿ, ಅದನ್ನು ತೇಯ್ದು ಕತ್ತರಿಸಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಹೀಗಾಗಿ ಕ್ಲೇ ಮಾಡುವುದು ತೊಳೆಯುವುದರ ಮುಂದುವರಿದ ರೂಪವಲ್ಲ, ಪಾಲಿಷ್ ಮಾಡುವುದರ ಅತ್ಯಂತ ಸೌಮ್ಯವಾದ ಮೊದಲ ಹೆಜ್ಜೆ. ದ್ರವದ ಪದರ ಎಲ್ಲಿ ಕಡಿಮೆಯಾಯಿತೋ, ಸಿಕ್ಕಿಬಿದ್ದ ಕಣ ಎಲ್ಲಿ ಮುದ್ದೆಯಿಂದ ಹೊರಚಾಚಿ ಬಣ್ಣಕ್ಕೆ ಉಜ್ಜಿತೋ ಅಲ್ಲಿ ನವಿರಾದ ಗೀರುಗಳು ಬೀಳುತ್ತವೆ. ಎಷ್ಟೇ ಜಾಗ್ರತೆ ವಹಿಸಿದರೂ ಈ ಗೀರುಗಳನ್ನು ಕಡಿಮೆ ಮಾಡಬಹುದೇ ಹೊರತು ಒಂದೂ ಬೀಳದಂತೆ ಮಾಡುತ್ತೇವೆಂದು ಭರವಸೆ ಕೊಡಲಾಗದು. ಕೈಯೋ ಯಂತ್ರವೋ ಎಂಬ ಚರ್ಚೆಯ ತಿರುಳು ಈ ಗೀರುಗಳಲ್ಲೇ ಇದೆ.

ಆ ಚರ್ಚೆಗೆ ಮೊದಲು ಒಂದು ಮಾತು. ಕ್ಲೇಗೆ ಕೆಲಸ ಕಡಿಮೆ ಮಾಡಿದಷ್ಟೂ ಬಣ್ಣಕ್ಕೆ ಒಳ್ಳೆಯದು. ಕಾರನ್ನು ತೊಳೆದ ಕೂಡಲೇ ಐರನ್ ರಿಮೂವರ್ ಸಿಂಪಡಿಸಿದರೆ ಅದರಲ್ಲಿರುವ ಥಯೋಗ್ಲೈಕೊಲೇಟ್ ಎಂಬ ರಾಸಾಯನಿಕ ಕಬ್ಬಿಣದೊಂದಿಗೆ ವರ್ತಿಸಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಕಣ ಕರಗಿ ಹರಿದುಹೋಗುತ್ತದೆ. ವಾಸನೆ ಸಹಿಸುವಂಥದ್ದಲ್ಲ, ಆದರೆ ಬಣ್ಣದೊಳಕ್ಕೆ ಇಳಿದ ಕಬ್ಬಿಣವನ್ನು ಬೇರು ಸಮೇತ ತೆಗೆಯುವುದು ಇದೇ. ಕ್ಲೇ ಅದರ ತಲೆಯನ್ನಷ್ಟೇ ಸವರಿ, ಬುಡವನ್ನು ಒಳಗೇ ಬಿಟ್ಟುಬಿಡಬಹುದು, ಆಗ ಕೈಗೆ ನುಣುಪಾದರೂ ತುಕ್ಕು ಮುಂದುವರಿಯುತ್ತದೆ. ಡಾಂಬರಿಗೆ ಟಾರ್ ರಿಮೂವರ್ ಇದೆ. ಇವೆರಡನ್ನೂ ಹಾಕಿ, ಬಾಟಲಿಯ ಮೇಲೆ ಹೇಳಿದ ಸಮಯ ಬಿಟ್ಟು, ಒಣಗುವ ಮುನ್ನ ಧಾರಾಳವಾಗಿ ನೀರು ಹಾಯಿಸಿ ತೊಳೆದ ಮೇಲೆ ಉಳಿಯುವ ತರಿಗೆ ಮಾತ್ರ ಕ್ಲೇ ಬೇಕು. ಎಷ್ಟೋ ಸಲ ಬಾಗಿಲುಗಳ ಮೇಲರ್ಧಕ್ಕೆ ಕ್ಲೇ ಬೇಕೇ ಆಗುವುದಿಲ್ಲ.

ಕೈಯಿಂದ ಮಾಡುವಾಗ ಬಾರಿನಿಂದ, ಅಂದರೆ ಕ್ಲೇ ಮುದ್ದೆಯ ಗಟ್ಟಿಯಿಂದ, ಒಂದು ತುಂಡು ಮುರಿದುಕೊಂಡು, ಗಟ್ಟಿಯಿದ್ದರೆ ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಮೆದುಮಾಡಿ, ಮೂರು ಬೆರಳಗಲದ ಬಿಲ್ಲೆಯಾಗಿ ತಟ್ಟಿಕೊಳ್ಳಬೇಕು. ನೆರಳಿನಲ್ಲಿ ನಿಲ್ಲಿಸಿದ, ಮುಟ್ಟಿದರೆ ತಣ್ಣಗಿರುವ ಕಾರಿನ ಮೇಲೆ ಸುಮಾರು 50 ಸೆಂಟಿಮೀಟರ್ ಚೌಕದಷ್ಟು ಜಾಗಕ್ಕೆ ಲೂಬ್ರಿಕೆಂಟ್ ಸಿಂಪಡಿಸಿ, ಬಿಲ್ಲೆಯ ಮೇಲೂ ಎರಡು ಸಲ ಹೊಡೆದು, ಬೆರಳುಗಳ ತೂಕಕ್ಕಿಂತ ಹೆಚ್ಚು ಒತ್ತದೆ ನೇರ ಗೆರೆಗಳಲ್ಲಿ ಹಿಂದೆ ಮುಂದೆ ಸರಿಸಬೇಕು. ಮೊದಲ ಎಳೆತದಲ್ಲಿ ಬಿಲ್ಲೆ ತಡವರಿಸುತ್ತದೆ, ಸಣ್ಣಗೆ ಸರಸರ ಸದ್ದು ಕೇಳಿಸುತ್ತದೆ, ತಡೆ ಬೆರಳಿಗೆ ಗೊತ್ತಾಗುತ್ತದೆ. ಮತ್ತೆ ಮತ್ತೆ ಸರಿಸುತ್ತಿದ್ದಂತೆ ಸದ್ದು ತಗ್ಗುತ್ತದೆ, ಆಮೇಲೆ ಇಲ್ಲವಾಗುತ್ತದೆ, ಬಿಲ್ಲೆ ಬಣ್ಣದ ಮೇಲಿದೆಯೋ ಇಲ್ಲವೋ ಎನ್ನುವಷ್ಟು ಸರಾಗವಾಗಿ ಜಾರತೊಡಗುತ್ತದೆ. ಆ ಕ್ಷಣದಲ್ಲಿ ನಿಲ್ಲಿಸಬೇಕು. ಅದರಾಚೆಗಿನ ಪ್ರತಿ ಎಳೆತವೂ ಬಣ್ಣದ ಮೇಲೆ ಬೀಳುವ ಬೇಡದ ಉಜ್ಜು. ಬಿಲ್ಲೆಯನ್ನು ಮಗುಚಿ ನೋಡಿದರೆ ಕಂದು ಗೆರೆಗಳೂ ಕಪ್ಪು ಚುಕ್ಕೆಗಳೂ ಕಾಣುತ್ತವೆ. ಆ ಮುಖವನ್ನು ಒಳಕ್ಕೆ ಮಡಚಿ, ನಾದಿ, ಹೊಸ ಮುಖ ಹೊರತಂದು ಮುಂದಿನ ಚೌಕಕ್ಕೆ ಹೋಗಬೇಕು. ನೆಲಕ್ಕೆ ಬಿದ್ದ ತುಂಡನ್ನು ಮತ್ತೆ ಬಳಸಲೇಬಾರದು. ತೊಳೆದರೂ ಅದರೊಳಗೆ ಹೂತ ಮರಳ ಕಣ ಹೊರಬರುವುದಿಲ್ಲ, ಆ ಒಂದು ಕಣ ಬಾನೆಟ್ ಉದ್ದಕ್ಕೂ ಗೀರೆಳೆಯಲು ಸಾಕು.

ಕೈಯ ದೊಡ್ಡ ಬಲವಿರುವುದು ಈ ತಿಳಿವಿನಲ್ಲಿ. ತಡೆ ಎಲ್ಲಿದೆ, ಎಷ್ಟಿದೆ, ಯಾವಾಗ ಮುಗಿಯಿತು ಎಂಬುದನ್ನು ಬೆರಳು ಆಗಿಂದಾಗಲೇ ಹೇಳುತ್ತದೆ. ಬಿಲ್ಲೆಯಡಿ ಗಡುಸಾದ ಕಣವೊಂದು ಸಿಕ್ಕಿಕೊಂಡರೆ ಅದು ಗೀರೆಳೆಯುವ ಮೊದಲೇ ಕೈ ತಾನಾಗಿ ನಿಲ್ಲುತ್ತದೆ. ಬಾಗಿಲ ಹಿಡಿಕೆಯ ಹಿಂದಿನ ಕುಳಿ, ಕನ್ನಡಿಯ ಬುಡ, ಬಂಪರಿನ ತಿರುವು, ಲಾಂಛನದ ಸುತ್ತಲಿನ ಸಂದು, ಎಲ್ಲಕ್ಕೂ ಮುದ್ದೆ ಬೇಕಾದ ಆಕಾರ ತಾಳುತ್ತದೆ. ದೌರ್ಬಲ್ಯಗಳೂ ಇವೆ. ಬೆರಳ ತುದಿಗಳ ಕೆಳಗೆ ಒತ್ತಡ ಹೆಚ್ಚು, ಬೆರಳುಗಳ ನಡುವೆ ಕಡಿಮೆ. ಛಾವಣಿಯ ನಡುಭಾಗಕ್ಕೆ ಕೈ ಚಾಚಿ ಮಾಡುವಾಗ ಮೈಭಾರ ತೋಳಿಗೆ ಬಂದು ಗೊತ್ತಿಲ್ಲದೆಯೇ ಜೋರಾಗಿ ಒತ್ತುತ್ತೇವೆ. ದೊಡ್ಡ ಕಾರಿನ ಅರ್ಧ ಮುಗಿಯುವ ಹೊತ್ತಿಗೆ ತೋಳು ಸೋಲುತ್ತದೆ, ಲೂಬ್ರಿಕೆಂಟ್ ಹಾಕುವುದರಲ್ಲಿ ಜಿಪುಣತನ ಬರುತ್ತದೆ, ಮುದ್ದೆ ನಾದುವುದನ್ನು ಮುಂದೂಡುತ್ತೇವೆ. ಕೈಯಿಂದ ಬೀಳುವ ಕೆಟ್ಟ ಗೀರುಗಳಲ್ಲಿ ಹೆಚ್ಚಿನವು ಕೊನೆಯ ಭಾಗಗಳಲ್ಲೇ ಬೀಳಲು ಈ ದಣಿವು ಕಾರಣ.

ಯಂತ್ರದಿಂದ ಮಾಡುವಾಗ ಬಳಸುವುದು ಮುದ್ದೆಯನ್ನಲ್ಲ. ಸ್ಪಂಜಿನ ಪ್ಯಾಡಿನ ಮುಖಕ್ಕೆ ರಬ್ಬರಿನಂಥ ಪಾಲಿಮರ್ ಪದರ ಕೂರಿಸಿದ ಡಿಸ್ಕನ್ನು ಡಿಎ ಪಾಲಿಷರಿಗೆ, ಅಂದರೆ ತನ್ನಷ್ಟಕ್ಕೆ ತಿರುಗುತ್ತಲೇ ಸಣ್ಣ ವೃತ್ತದಲ್ಲಿ ಅಲುಗಾಡುವ ಯಂತ್ರಕ್ಕೆ, ಅಂಟಿಸುತ್ತಾರೆ. ಇದೇ ಪದರವನ್ನು ಕೈಗವಸಿಗೂ ಬಟ್ಟೆಗೂ ಹಾಕಿ ಕ್ಲೇ ಮಿಟ್, ಕ್ಲೇ ಟವಲ್ ಎಂದು ಮಾರುವುದುಂಟು. ಇವನ್ನು ನಾದಿ ಹೊಸ ಮುಖ ತರುವಂತಿಲ್ಲ, ಆದರೆ ನೀರಿನಲ್ಲಿ ಜಾಲಿಸಿದರೆ ಕೊಳೆ ಬಿಡುತ್ತದೆ, ನೆಲಕ್ಕೆ ಬಿದ್ದರೂ ಚೆನ್ನಾಗಿ ತೊಳೆದು, ಮುಖವನ್ನು ಕಣ್ಣಿಂದ ಪರೀಕ್ಷಿಸಿ ಮತ್ತೆ ಬಳಸಬಹುದು. ಹೊಸ ಡಿಸ್ಕಿನ ಮುಖ ಒರಟಾಗಿರುವುದರಿಂದ ಅದನ್ನು ಮೊದಲು ಗಾಜಿನ ಮೇಲೆ ಓಡಿಸಿ ಪಳಗಿಸಬೇಕು. ಗಾಜು ಕ್ಲಿಯರ್ ಕೋಟಿಗಿಂತ ಎಷ್ಟೋ ಗಟ್ಟಿ, ಅದಕ್ಕೇನೂ ಆಗುವುದಿಲ್ಲ, ಗಾಜೂ ಸ್ವಚ್ಛವಾಗುತ್ತದೆ.

ಯಂತ್ರ ಏಕೆ ಬೇಗ ಮುಗಿಸುತ್ತದೆ, ಏಕೆ ಹೆಚ್ಚು ಮಸುಕು ಬಿಡುತ್ತದೆ ಎಂಬ ಎರಡೂ ಪ್ರಶ್ನೆಗಳಿಗೆ ಒಂದೇ ಲೆಕ್ಕ ಉತ್ತರ ಕೊಡುತ್ತದೆ. ಡಿಎ ಯಂತ್ರದ ಅಲುಗಾಟದ ವೃತ್ತ 15 ಮಿಲಿಮೀಟರ್ ವ್ಯಾಸದ್ದು ಎಂದಿಟ್ಟುಕೊಳ್ಳೋಣ. ಡಿಸ್ಕಿನ ಮೇಲಿನ ಒಂದು ಬಿಂದು ಪ್ರತಿ ಸುತ್ತಿಗೆ ಸುಮಾರು 47 ಮಿಲಿಮೀಟರ್ ಸಾಗುತ್ತದೆ. ಕಡಿಮೆ ವೇಗದಲ್ಲಿಟ್ಟು ನಿಮಿಷಕ್ಕೆ 2,500 ಸುತ್ತು ಎಂದರೂ ಆ ಬಿಂದು ಒಂದು ನಿಮಿಷದಲ್ಲಿ ಬಣ್ಣದ ಮೇಲೆ ಉಜ್ಜುವ ದೂರ ಸುಮಾರು 118 ಮೀಟರ್, ಅದೂ ಡಿಸ್ಕಿನ ಸ್ವಂತ ತಿರುಗುವಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ. ಕೈಯಿಂದ ಸೆಕೆಂಡಿಗೆ 30 ಸೆಂಟಿಮೀಟರಿನ ಒಂದು ಎಳೆತ ಎಳೆದರೆ ನಿಮಿಷಕ್ಕೆ ಆಗುವುದು 18 ಮೀಟರ್. ಜೊತೆಗೆ 150 ಮಿಲಿಮೀಟರ್ ವ್ಯಾಸದ ಡಿಸ್ಕಿನ ಮುಖ ಸುಮಾರು 177 ಚದರ ಸೆಂಟಿಮೀಟರ್. ಆರಕ್ಕೆ ಎಂಟು ಸೆಂಟಿಮೀಟರಿನ ಬಿಲ್ಲೆ 48 ಮಾತ್ರ. ಆದ್ದರಿಂದ ಯಂತ್ರ ಮೂರೂವರೆ ಪಟ್ಟು ಜಾಗವನ್ನು ಆರು ಪಟ್ಟು ವೇಗದಲ್ಲಿ ಉಜ್ಜುತ್ತಿದೆ. ಯಂತ್ರದ ಭಾರವೇ ಬಣ್ಣಕ್ಕೆ ಅಪಾಯ ಎಂದು ಅನೇಕರು ಹೆದರುತ್ತಾರೆ, ಆದರೆ ಎರಡು, ಎರಡೂವರೆ ಕಿಲೋ ಭಾರ ಅಷ್ಟು ಅಗಲದ ಡಿಸ್ಕಿನ ಮೇಲೆ ಹರಡಿದಾಗ ಚದರ ಸೆಂಟಿಮೀಟರಿಗೆ ಬೀಳುವ ಒತ್ತಡ 15 ಗ್ರಾಮಿಗಿಂತ ಕಡಿಮೆ. ಅರ್ಧ ಕಿಲೋದಷ್ಟು ಒತ್ತಿದ ಕೈ ಆ ಬಿಲ್ಲೆಯಡಿ ಹಾಕುವುದೂ 10 ಗ್ರಾಮಿನ ಆಸುಪಾಸಿನಲ್ಲೇ ಇರುತ್ತದೆ. ವ್ಯತ್ಯಾಸವಿರುವುದು ಒತ್ತಡದಲ್ಲಲ್ಲ, ಉಜ್ಜುವ ದೂರದಲ್ಲಿ. ಸಿಕ್ಕಿಬಿದ್ದ ಒಂದು ಕಣ ಕೈಯಡಿಯಲ್ಲಿ ಒಂದು ನೇರ ಗೆರೆ ಎಳೆದು ಮುದ್ದೆಯೊಳಗೆ ಹೂತುಹೋಗುತ್ತದೆ. ಡಿಸ್ಕಿನ ರಬ್ಬರ್ ಮುಖದಲ್ಲಿ ಹೂತುಹೋಗಲು ಅದಕ್ಕೆ ಅಷ್ಟು ಆಳವಿಲ್ಲ. ಅದು ಮೇಲೆಯೇ ಉಳಿದು ಸುರುಳಿ ಸುರುಳಿಯಾಗಿ ಗೀರುತ್ತಾ ಹೋಗುತ್ತದೆ, ಮತ್ತು ಯಂತ್ರದ ಕಂಪನದಲ್ಲಿ ಹಿಡಿದವರ ಕೈಗೆ ಅದು ತಿಳಿಯುವುದೇ ಇಲ್ಲ.

ಇದರ ಫಲವಾಗಿ ಎರಡೂ ವಿಧಾನಗಳು ಬಿಡುವ ಗುರುತುಗಳ ಸ್ವರೂಪವೇ ಬೇರೆಯಾಗಿರುತ್ತದೆ. ಕೈಯಿಂದ ಮಾಡಿದ ಬಣ್ಣದ ಮೇಲೆ ಟಾರ್ಚ್ ಹಿಡಿದರೆ ಅಲ್ಲೊಂದು ಇಲ್ಲೊಂದು ನೇರ ಗೀರು ಕಂಡರೂ ಕಾಣಬಹುದು, ಉಳಿದ ಜಾಗ ಸ್ವಚ್ಛವಾಗಿರುತ್ತದೆ. ಯಂತ್ರದಿಂದ ಮಾಡಿದಲ್ಲಿ ಬಿಡಿ ಗೀರಿಗಿಂತ ಹೆಚ್ಚಾಗಿ ಇಡೀ ಭಾಗದ ಮೇಲೆ ತೆಳುವಾದ, ಒಂದೇ ಸಮನಾದ ಮಸುಕು ಹರಡಿರುತ್ತದೆ. ಬಿಳಿ, ಬೆಳ್ಳಿ ಬಣ್ಣಗಳಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ. ಕಪ್ಪು ಮತ್ತು ಕಡುನೀಲಿ ಬಣ್ಣಗಳಲ್ಲಿ, ಅದರಲ್ಲೂ ಕ್ಲಿಯರ್ ಕೋಟ್ ಮೆದುವಾಗಿದ್ದರೆ, ಬಿಸಿಲಿಗೆ ನಿಲ್ಲಿಸಿದ ಕೂಡಲೇ ಎದ್ದು ಕಾಣುತ್ತದೆ. ಪಾಲಿಷ್ ಮಾಡಿದರೆ ಈ ಸಮಮಸುಕು ಸುಲಭವಾಗಿ ಹೋಗುತ್ತದೆ, ಏಕೆಂದರೆ ಅದು ಆಳವಿಲ್ಲದ್ದು ಮತ್ತು ಎಲ್ಲೆಡೆ ಒಂದೇ ಮಟ್ಟದ್ದು. ಪಾಲಿಷ್ ಮಾಡದೆ ಅದರ ಮೇಲೆ ನೇರವಾಗಿ ಸೆರಾಮಿಕ್ ಕೋಟಿಂಗ್ (ಬಣ್ಣವನ್ನು ಕಾಯುವ ಪಾರದರ್ಶಕ ಲೇಪ) ಹಾಕಿದರೆ ಮಸುಕು ಅದರಡಿಯಲ್ಲೇ ಉಳಿದುಬಿಡುತ್ತದೆ.

ಹಾಗಾಗಿ ನನ್ನ ನಿಲುವು ಇದು. ಕ್ಲೇ ಆದ ಮೇಲೆ ಹೇಗೂ ಯಂತ್ರದಿಂದ ಪಾಲಿಷ್ ಮಾಡಿ ಹಳೆಯ ಗೀರುಗಳನ್ನೆಲ್ಲ ತೆಗೆಯುವ ಯೋಜನೆಯಿದ್ದರೆ ಬಾನೆಟ್, ಛಾವಣಿ, ಡಿಕ್ಕಿಯ ಮುಚ್ಚಳ, ಬಾಗಿಲುಗಳ ಸಮತಟ್ಟು ಭಾಗಗಳಿಗೆ ಯಂತ್ರವನ್ನೇ ಬಳಸಬಹುದು. ಅದು ಬಿಡುವ ಮಸುಕನ್ನು ಮುಂದಿನ ಹೆಜ್ಜೆ ಅಳಿಸುತ್ತದೆ, ಉಳಿಸಿದ ತೋಳಿನ ಶಕ್ತಿ ಪಾಲಿಷ್ ಕೆಲಸಕ್ಕೆ ಒದಗುತ್ತದೆ. ಅದೇ, ಕ್ಲೇ ಮಾಡಿ ಅಂದೇ ವ್ಯಾಕ್ಸ್ ಹಚ್ಚಿ ಮುಗಿಸುವುದಾದರೆ, ಅತಿ ನವಿರು ದರ್ಜೆಯ ಬಾರ್ ಹಿಡಿದು ಕೈಯಿಂದಲೇ ಮಾಡಬೇಕು, ಅದೂ ತರಿ ಸಿಕ್ಕಿದ ಜಾಗಕ್ಕೆ ಮಾತ್ರ. ಈ ಎರಡನೆಯ ಸನ್ನಿವೇಶದಲ್ಲಿ ಯಂತ್ರ ಹಿಡಿಯಲು ನಾನು ಯಾರಿಗೂ ಹೇಳುವುದಿಲ್ಲ. ಕ್ಲೇ ಮಿಟ್ ನಡುವಿನ ದಾರಿ: ಉಜ್ಜುವ ದೂರ ಕೈಯದು, ಆದರೆ ಬೆರಳಿಗೂ ಬಣ್ಣಕ್ಕೂ ನಡುವೆ ದಪ್ಪ ಸ್ಪಂಜು ಬರುವುದರಿಂದ ಬಾರ್ ಕೊಡುವ ತಿಳಿವು ಸಿಗುವುದಿಲ್ಲ. ದರ್ಜೆಯ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಬಾರಾಗಲಿ ಡಿಸ್ಕಾಗಲಿ ನವಿರು, ಮಧ್ಯಮ, ಒರಟು ಎಂಬ ದರ್ಜೆಗಳಲ್ಲಿ ಬರುತ್ತವೆ, ಮತ್ತು ಒರಟು ದರ್ಜೆಯ ಬಾರ್ ಕೈಯಲ್ಲಿದ್ದರೂ ನವಿರು ದರ್ಜೆಯ ಡಿಸ್ಕಿಗಿಂತ ಹೆಚ್ಚು ಗೀರಬಲ್ಲದು.

ಯಂತ್ರ ಬಳಸುವುದೆಂದು ನಿರ್ಧರಿಸಿದವರು ನೆನಪಿಡಬೇಕಾದ ಮುಖ್ಯ ಸಂಗತಿ, ಪಾಲಿಷ್ ಮಾಡುವಾಗಿನ ಅಭ್ಯಾಸಗಳನ್ನು ಇಲ್ಲಿಗೆ ತರಬಾರದು ಎಂಬುದು. ವೇಗ ಅತಿ ಕಡಿಮೆ ಇರಲಿ, ಯಂತ್ರದ ಭಾರವೇ ಸಾಕು, ಕೈಯಿಂದ ಒತ್ತುವುದು ಬೇಡ. ಡಿಸ್ಕನ್ನು ಬಣ್ಣದ ಮೇಲೆ ಇಟ್ಟ ಮೇಲೆಯೇ ಯಂತ್ರ ಚಾಲೂ ಮಾಡಬೇಕು, ಇಲ್ಲವಾದರೆ ಲೂಬ್ರಿಕೆಂಟ್ ಸುತ್ತಲೂ ಚಿಮ್ಮುತ್ತದೆ. ದ್ರವ ಕೈಯ ಕೆಲಸಕ್ಕಿಂತ ಎಷ್ಟೋ ಹೆಚ್ಚು ಬೇಕು, ಏಕೆಂದರೆ ತಿರುಗುವ ಡಿಸ್ಕ್ ಅದನ್ನು ಅಂಚಿಗೆ ತಳ್ಳುತ್ತಲೇ ಇರುತ್ತದೆ. ಒಣಗಿತೆಂದರೆ ರಬ್ಬರ್ ಬಣ್ಣಕ್ಕೆ ಹಿಡಿದುಕೊಂಡು ಕಪ್ಪು ಗೆರೆಗಳನ್ನು ಬಿಡುತ್ತದೆ. ಕೆಲವು ಎಳೆತಗಳಾದ ಕೂಡಲೇ ನಿಲ್ಲಿಸಿ, ಡಿಸ್ಕನ್ನು ಬಕೆಟ್ಟಿನಲ್ಲಿ ಜಾಲಿಸಿ, ಬಣ್ಣವನ್ನು ಚೀಲ ಹಾಕಿದ ಬೆರಳಿನಿಂದ ಪರೀಕ್ಷಿಸಬೇಕು. ಯಂತ್ರ ಕಸಿದುಕೊಂಡ ಸ್ಪರ್ಶದ ತಿಳಿವನ್ನು ಹೀಗೆ ಬೇರೆಯಾಗಿ ಪಡೆಯದೆ ಬೇರೆ ದಾರಿಯಿಲ್ಲ. ಬಾಗಿಲ ಮೈಮೇಲಿನ ಮಡಿಕೆಯ ಗೆರೆ, ಬಾನೆಟ್ಟಿನ ಅಂಚು, ಚಕ್ರದ ಮೇಲಿನ ಕಮಾನು ಇವುಗಳ ಬಳಿ ಡಿಸ್ಕ್ ಹೋಗಲೇಬಾರದು. ಚಪ್ಪಟೆ ಡಿಸ್ಕ್ ಮಡಿಕೆಯ ಮೇಲೆ ಬಂದಾಗ ಅದರ ಇಡೀ ಮುಖದ ಬದಲು ಒಂದು ತೆಳು ಪಟ್ಟಿ ಮಾತ್ರ ಬಣ್ಣಕ್ಕೆ ತಾಗುತ್ತದೆ, ಯಂತ್ರದ ಎಲ್ಲ ಭಾರವೂ ಆ ಪಟ್ಟಿಯ ಮೇಲೆ ಬೀಳುತ್ತದೆ. ಕ್ಲಿಯರ್ ಕೋಟ್ ಅತ್ಯಂತ ತೆಳುವಾಗಿರುವುದೂ ಇಂಥ ಅಂಚುಗಳಲ್ಲೇ. ಅಲ್ಲಿಗೆ ಕೈಯೇ ಸರಿ. ಅಲ್ಲದೆ ಇದು ನೀರು ಹರಿಯುವ ಜಾಗದಲ್ಲಿ ನಡೆಯುವ ಕೆಲಸ. ಬ್ಯಾಟರಿ ಯಂತ್ರವಾದರೆ ಉತ್ತಮ. ತಂತಿಯದ್ದಾದರೆ ಸೋರಿಕೆ ವಿದ್ಯುತ್ತಿಗೆ ತಾನೇ ಕಡಿತಗೊಳ್ಳುವ ಸುರಕ್ಷಾ ಸ್ವಿಚ್ಚಿನ ಮೂಲಕವೇ ಜೋಡಿಸಬೇಕು, ಪ್ಲಗ್ಗೂ ತಂತಿಯ ಜೋಡಣೆಗಳೂ ನೆಲದ ನೀರಿನಿಂದ ಮೇಲಿರಬೇಕು.

ಕೆಲವು ಮೇಲ್ಮೈಗಳಿಗೆ ಎರಡೂ ಸಲ್ಲ. ಮ್ಯಾಟ್ ಬಣ್ಣಕ್ಕೆ ಕ್ಲೇ ತಾಗಿಸಿದರೆ ಅಲ್ಲಲ್ಲಿ ಹೊಳಪಿನ ಕಲೆ ಬೀಳುತ್ತದೆ, ಮತ್ತೆ ಮ್ಯಾಟ್ ಆಗುವುದಿಲ್ಲ. ಸೆರಾಮಿಕ್ ಕೋಟಿಂಗ್ ಇದ್ದರೆ ಕ್ಲೇ ಅದನ್ನೂ ತೇಯುತ್ತದೆ. ಅಲ್ಲಿ ರಾಸಾಯನಿಕ ವಿಧಾನವನ್ನೇ ನೆಚ್ಚಬೇಕು. ಕ್ಲಿಯರ್ ಕೋಟ್ ಇಲ್ಲದ ಹಳೆಯ ಒಂಟಿ ಪದರದ ಬಣ್ಣವಾದರೆ ಮುದ್ದೆಗೆ ಕಾರಿನ ಬಣ್ಣವೇ ಹತ್ತಬಹುದು, ಅದು ಸಹಜ. ಇನ್ನು ಗಡುಸು ನೀರು ಒಣಗಿ ಬಣ್ಣವನ್ನೇ ಕೊರೆದ ಕಲೆಗಳು, ಹಳೆಯ ಸುರುಳಿ ಗೀರುಗಳು ಇವುಗಳನ್ನು ಕ್ಲೇ ತೆಗೆಯುವುದಿಲ್ಲ, ಏಕೆಂದರೆ ಅವು ಮೇಲ್ಮೈಗಿಂತ ಕೆಳಗಿವೆ, ಕ್ಲೇ ಮುಟ್ಟುವುದು ಮೇಲಕ್ಕೆ ಚಾಚಿದ್ದನ್ನು ಮಾತ್ರ. ಹೋಗಲಿಲ್ಲವೆಂದು ಹಟ ಹಿಡಿದು ಉಜ್ಜಿದರೆ ಹೊಸ ಗೀರು ಸೇರಿಕೊಳ್ಳುತ್ತದೆ.

ಯಾವ ವಿಧಾನವನ್ನೇ ಅನುಸರಿಸಲಿ, ಕೆಲಸ ಶುರುಮಾಡುವ ಮುನ್ನ ಕಣ್ಣಿಗೆ ಅಷ್ಟಾಗಿ ಬೀಳದ ಒಂದೆಡೆ 30 ಸೆಂಟಿಮೀಟರ್ ಚೌಕದಲ್ಲಿ ಮಾಡಿ, ಒರೆಸಿ, ಬೆಳಕನ್ನು ಓರೆಯಾಗಿ ಬೀಳಿಸಿ ನೋಡಬೇಕು. ಒಂದೇ ಬಣ್ಣದ ಎರಡು ಕಾರುಗಳ ಕ್ಲಿಯರ್ ಕೋಟ್ ಕೂಡ ಒಂದೇ ಗಡಸುತನದ್ದಾಗಿರಬೇಕೆಂದಿಲ್ಲ. ಮುಗಿದ ಮೇಲೆ ಉಳಿದ ಲೂಬ್ರಿಕೆಂಟ್ ಮತ್ತು ಸಡಿಲಗೊಂಡ ಕಣಗಳು ಹೋಗುವಂತೆ ಕಾರನ್ನು ಇನ್ನೊಮ್ಮೆ ತೊಳೆದು ಒಣಗಿಸಬೇಕು. ಹಳೆಯ ವ್ಯಾಕ್ಸ್ ಕೊಳೆಯೊಂದಿಗೇ ಹೋಗಿರುತ್ತದೆ, ಬಣ್ಣ ಈಗ ಯಾವ ರಕ್ಷಣೆಯೂ ಇಲ್ಲದೆ ತೆರೆದುಕೊಂಡಿರುತ್ತದೆ. ಆದ್ದರಿಂದ ಪಾಲಿಷ್ ಇದ್ದರೆ ಅದನ್ನು ಮುಗಿಸಿ, ಇಲ್ಲದಿದ್ದರೆ ನೇರವಾಗಿ, ವ್ಯಾಕ್ಸನ್ನೋ ಸೀಲಂಟನ್ನೋ ಅದೇ ದಿನ ಹಚ್ಚಿಬಿಡಬೇಕು.